ಹಗೇವಿನೊಳಗಿನ ದನಿ

ನಮ್ಮದು ಜತ್ತದಲ್ಲಿ ಅರಿವೆ ಅಂಗಡಿ. ತಂದೆಯವರ ಕಾಲದಿಂದ ನಡೆದುಬಂದದ್ದು. ನಾವು ಓದಿದ್ದು ಮೆಟ್ರಿಕ್ ವರೆಗೆ; ಗಣಿತದಲ್ಲಿ ಒಳ್ಳೆಯ ಅಂಕ, ವಿಜ್ಞಾನದಲ್ಲಿ ಹೇಗೋ ದಾಟಿದವರು. ಇಂಥವರು ದನಿಮುದ್ರಣದ ವಿಷಯ ಬರೆಯುವುದೇನು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಗೊತ್ತಿಲ್ಲದೆ ಮಾಡಿದ ಕೆಲಸದಿಂದ ನಮ್ಮ ಮನೆಯಲ್ಲಿ ಒಂದು ನಷ್ಟವಾಯಿತು. ಈಗ ಎಷ್ಟೋ ಮನೆಗಳಲ್ಲಿ ಹಿರಿಯರ ಹಾಡು, ಸ್ತೋತ್ರಗಳನ್ನು ತುಂಬಿಕೊಳ್ಳುತ್ತಿದ್ದಾರೆ. ಅವರಿಗೆ ಉಪಯೋಗ ಬಿದ್ದೀತೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇವೆ.

ನಮ್ಮ ಅಕ್ಕನಿಗೆ ಈಗ 79 ವರ್ಷ. ಇಂಡಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವನವರು ತೀರಿದ ಮೇಲೆ ತವರಿಗೇ ಬಂದು ನಮ್ಮೊಡನೆ ಇದ್ದಾಳೆ. ನಮಗಿಂತ ಹದಿಮೂರು ವರ್ಷ ಹಿರಿಯಳು. ಅವ್ವ ಅಡಿಗೆಮನೆಯಲ್ಲಿದ್ದಾಗ ನಮ್ಮನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು. ಅವ್ವನ ಹಾಡುಗಳೆಲ್ಲ ಆಕೆಯ ಬಾಯಲ್ಲಿವೆ. ಬೀಸುವ ಪದ, ಸೋಬಾನ ಪದ, ಆರತಿ ಪದ, ಮಹಾವೀರ ಜಯಂತಿಯ ದಿನ ಬಸದಿಯಲ್ಲಿ ತೊಟ್ಟಿಲು ತೂಗುವಾಗ ಹೇಳುವ ದೊಡ್ಡ ಹಾಡು. ಇವು ಯಾವ ಪುಸ್ತಕದಲ್ಲೂ ಅಚ್ಚಾದವಲ್ಲ. ಅವ್ವನಿಗೆ ಅವಳ ಅತ್ತೆ ಕಲಿಸಿದ್ದು, ಅವ್ವ ಅಕ್ಕನಿಗೆ ಕಲಿಸಿದ್ದು. ಅಕ್ಕನಿಂದ ಮುಂದೆ ಕಲಿತವರಿಲ್ಲ. ಇದಲ್ಲದೆ ಭಕ್ತಾಮರ ಸ್ತೋತ್ರದ 48 ಶ್ಲೋಕ ಆಕೆಗೆ ಬಾಯಿಪಾಠ.

2022ರ ಶ್ರಾವಣದಲ್ಲಿ ಇವನ್ನೆಲ್ಲ ತುಂಬಿಡಬೇಕೆಂದು ಮನಸ್ಸಿಗೆ ಬಂತು. ನಗರಕ್ಕೆ ಮಾಲು ತರಲು ಹೋದಾಗ ಒಂದು ಅಂಗಡಿಯಲ್ಲಿ ಮೈಕು, ಸಣ್ಣ ಮಿಕ್ಸರು, ಕಂಪ್ಯೂಟರಿಗೆ ಹಚ್ಚುವ ವಾಯರು ಕೊಂಡೆವು. ಅಂಗಡಿಯವರು, ದನಿಗೆ ತೂಕ ಬರಬೇಕಾದರೆ ಮೈಕು ತುಟಿಗೆ ಹಚ್ಚಿ ಹಿಡಿಯಬೇಕು ಎಂದರು. ವೇದಿಕೆಯ ಮೇಲೆ ಹಾಡುವವರೂ ಹಾಗೆಯೇ ಹಿಡಿಯುವುದನ್ನು ಕಂಡಿದ್ದೆವು, ನಂಬಿದೆವು. ಮನೆಯಲ್ಲಿ ದೇವರ ಕೋಣೆಯ ಮಗ್ಗುಲಿಗೆ ಒಂದು ಸಣ್ಣ ಕೋಣೆ ಇದೆ. ಉದ್ದ ಹತ್ತು ಫೂಟು, ಅಗಲ ಹತ್ತು ಫೂಟು, ಎತ್ತರವೂ ಹತ್ತು ಫೂಟು. ಕೆಳಗೆ ಗ್ರಾನೈಟು, ಮೇಲೆ ಸಿಮೆಂಟಿನ ಸ್ಲ್ಯಾಬು, ಗೋಡೆಗೆ ನುಣುಪು ಗಿಲಾಯಿ. ಬಾಗಿಲು ಹಾಕಿದರೆ ಹೊರಗಿನ ಗದ್ದಲ ಬರುವುದಿಲ್ಲ ಎಂದು ಅದನ್ನೇ ಆರಿಸಿಕೊಂಡೆವು. ಅಕ್ಕನನ್ನು ಮೂಲೆಯಲ್ಲಿ ಗೋಡೆಗೆ ಆನಿಸಿ ಕೂಡ್ರಿಸಿದೆವು, ಬೆನ್ನಿಗೆ ಹಿತವಾಗಲೆಂದು.

ಇನ್ನೊಂದು ತಪ್ಪನ್ನು ಯಾರ ಮೇಲೂ ಹಾಕಲಾರೆವು. ನಮಗೆ ಹರೆಯದಿಂದಲೂ ದಪ್ಪ ನಾದದ ಮೋಹ. 1982ರ ಸುಮಾರಿಗೆ ಕೊಂಡ ಟೇಪ್ ರೆಕಾರ್ಡರಿನಲ್ಲಿ ಬೇಸ್ ಎಂಬ ತಿರುಪನ್ನು ಕೊನೆಗಾಣುವವರೆಗೆ ತಿರುಗಿಸಿಯೇ ಹಾಡು ಕೇಳುತ್ತಿದ್ದೆವು. ಅಂಗಡಿಯ ಕಪಾಟಿನ ಗಾಜು ಅದುರಿದರೆ ಅದೇ ಸಂಗೀತ ಎಂದು ತಿಳಿದವರು. ಮಿಕ್ಸರಿನಲ್ಲಿಯೂ ಅದೇ ಕೈಚಳಕ ತೋರಿಸಿದೆವು.

ಒಂದು ತಿಂಗಳಲ್ಲಿ 23 ಹಾಡು ತುಂಬಿದೆವು. ಆಗ ಅಕ್ಕನ ದನಿ ಚೆನ್ನಾಗಿತ್ತು. ವಯಸ್ಸಾಗಿದ್ದರೂ ಉಸಿರು ಗಟ್ಟಿ. ಒಂದು ನುಡಿಯನ್ನು ನಡುವೆ ಎಲ್ಲಿಯೂ ಕಡಿಯದೆ ಹೇಳುತ್ತಿದ್ದಳು. ಪ್ರತಿಯೊಂದನ್ನೂ ಮೋಬೈಲಿಗೆ ಹಾಕಿಕೊಂಡು ಅದರ ಸಣ್ಣ ಸ್ಪೀಕರಿನಲ್ಲಿ ಕೇಳಿ ಸರಿಯಾಗಿದೆ ಎಂದುಕೊಂಡೆವು. ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟಂತೆ ಕಂಪ್ಯೂಟರಿನಲ್ಲಿಟ್ಟು ಮರೆತೆವು.

2023ರ ಜನವರಿಯಲ್ಲಿ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿತು. ಮಿರಜದಲ್ಲಿ ಹನ್ನೊಂದು ದಿವಸ ಆಸ್ಪತ್ರೆಯಲ್ಲಿದ್ದಳು. ಗುಣವಾಯಿತು, ಆದರೆ ದನಿ ಮೊದಲಿನಂತೆ ಬರಲಿಲ್ಲ. ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕು. ಕೆಲವು ಹಾಡುಗಳ ನಡುವಿನ ನುಡಿಗಳೂ ಮರೆತುಹೋಗಿವೆ. ಮೊದಲೇ ತುಂಬಿಟ್ಟದ್ದು ಒಳ್ಳೆಯದಾಯಿತು ಎಂದು ಮನೆಮಂದಿಯೆಲ್ಲ ನಮ್ಮನ್ನು ಹೊಗಳಿದರು. ನಾವೂ ಹೊಗಳಿಸಿಕೊಂಡೆವು.

2024ರಲ್ಲಿ ಅಕ್ಕನ ಮೊಮ್ಮಗಳು, ಪುಣೆಯಲ್ಲಿ ನೌಕರಿಯಲ್ಲಿರುವವಳು, ಹಾಡುಗಳನ್ನು ಕೇಳಿ ತರಿಸಿಕೊಂಡಳು. ಮರುದಿನವೇ ಫೋನು ಮಾಡಿದಳು.

“ಮುತ್ಯಾ, ಕಾರಿನ್ಯಾಗ ಹಚ್ಚಿ ಕೇಳಿದೆ. ಆಯಿ ಏನ್ ಹಾಡ್ಯಾಳ ಒಂದ್ ಮಾತೂ ತಿಳಿವಲ್ದು. ಬರೇ ಗುಂ ಗುಂ ಅಂತೈತಿ.”

ನಮಗೆ ಸಿಟ್ಟು ಬಂತು. ನಿನ್ನ ಕಾರಿನ ಸ್ಪೀಕರು ಕೆಟ್ಟಿರಬೇಕು ಎಂದೆವು. ಆಮೇಲೆ ಮಗನ ಕೋಣೆಯಲ್ಲಿಯ ದೊಡ್ಡ ಸ್ಪೀಕರಿಗೆ ಹಚ್ಚಿ, ಅಕ್ಕನನ್ನೂ ಕರೆದು ಕೇಳಿಸಿದೆವು. ಅಕ್ಕ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, “ಇದು ನನ್ನ ದನಿ ಅಲ್ಲೋ ತಮ್ಮಾ. ಯಾರೋ ಹಗೇವಿನ್ಯಾಗ ಕುಂತು ಒದರಿದಂಗ ಐತಿ” ಎಂದಳು.

ಈಗಿನ ಮಕ್ಕಳಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಕುಣಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಹುಡುಗರಾಗಿದ್ದಾಗ ಖಾಲಿ ಹಗೇವಿನ ಬಾಯಿಗೆ ಮುಖವಿಟ್ಟು ಕೂಗಿ, ತಿರುಗಿ ಬರುವ ದಪ್ಪ ದನಿ ಕೇಳಿ ನಗುತ್ತಿದ್ದೆವು. (ಒಳಗೆ ಕೆಟ್ಟ ಗಾಳಿ ಇರುತ್ತದೆಂದು ಹಿರಿಯರು ಬೈದು ಎಬ್ಬಿಸುತ್ತಿದ್ದರು, ಅದೂ ನೆನಪಿದೆ.) ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ದನಿ ಇತ್ತು, ಮಾತು ಇರಲಿಲ್ಲ.

ಮೋಬೈಲಿನಲ್ಲಿ ಸರಿಯಾಗಿ ಕೇಳಿದ್ದು ಇಲ್ಲಿ ಹೀಗೇಕೆ? ಮೊಮ್ಮಗಳೇ ತಿಳಿಸಿದಳು. ಮೋಬೈಲಿನ ಸ್ಪೀಕರು ಉಗುರಿನಷ್ಟು. ದಪ್ಪ ನಾದವನ್ನು ಹೊರಡಿಸಲು ಅದಕ್ಕೆ ಶಕ್ತಿಯೇ ಇಲ್ಲ. ತುಂಬಿದ ಹಾಡಿನಲ್ಲಿ ಎಷ್ಟೇ ಬೇಸ್ ಇದ್ದರೂ ಅದು ಕೇಳಿಸುವುದಿಲ್ಲ. ಮಬ್ಬು ಬೆಳಕಿನಲ್ಲಿ ಅರಿವೆಯ ಬಣ್ಣ ನೋಡಿ ಮಾಲು ಕೊಂಡ ಹಾಗಾಯಿತು ನಮ್ಮ ಕೆಲಸ. ನಲವತ್ತು ವರ್ಷ ಗಿರಾಕಿಗಳಿಗೆ, ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡಿ ಒಯ್ಯಿರಿ ಎಂದು ಹೇಳಿದವರು ನಾವು! ಕಿವಿಗೆ ಹಾಕಿಕೊಳ್ಳುವ ಒಳ್ಳೆಯ ಹೆಡ್‌ಫೋನಿನಲ್ಲಿ ಅಂದೇ ಒಮ್ಮೆ ಕೇಳಿದ್ದರೆ, ಅಕ್ಕನ ಗಂಟಲು ಗಟ್ಟಿ ಇರುವಾಗಲೇ ಎರಡನೆಯ ಸಲ ತುಂಬಬಹುದಾಗಿತ್ತು.

ಮೊದಲು ಮೈಕಿನ ವಿಷಯ. ವೇದಿಕೆಯಲ್ಲಿ ಬಳಸುವ ಮೈಕುಗಳು ಬಹುತೇಕ ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಜಾತಿಯವು. ಶೂರ್ ಕಂಪನಿಯವರು 1966ರಲ್ಲಿ ತಂದ ಎಸ್‌ಎಂ 58 ಎಂಬ ಪ್ರಸಿದ್ಧ ಮೈಕು ಈ ಜಾತಿಯದೇ. ನಮ್ಮದು ಅದರ ರೂಪವನ್ನು ಹೋಲುವ ಅಗ್ಗದ ಮಾಲು. ಇವುಗಳ ಒಳಗಿನ ತೆಳುವಾದ ಪೊರೆಗೆ ದನಿ ಬರಲು ಮುಂಬಾಗಿಲೂ ಉಂಟು, ಹಿಂಬಾಗಿಲೂ ಉಂಟು. ಎರಡೂ ಕಡೆಯಿಂದ ಬೀಳುವ ಒತ್ತಡದಲ್ಲಿ ಎಷ್ಟು ಅಂತರವೋ ಅಷ್ಟು ಪೊರೆ ಅಲುಗುತ್ತದೆ. ದಪ್ಪ ನಾದದ ಅಲೆ ಬಲು ಉದ್ದ. ನಿಮಿಷ ಅಲ್ಲ, ಸೆಕೆಂಡಿಗೆ ನೂರು ಸಲ ಅದುರುವ, ಅಂದರೆ 100 ಹರ್ಟ್ಸಿನ ನಾದದ ಒಂದು ಅಲೆ ಹನ್ನೊಂದು ಫೂಟಿಗೂ ಹೆಚ್ಚು. ಅಂಥ ಅಲೆ ದೂರದಿಂದ ಬಂದಾಗ ಮೈಕಿನ ಮುಂದೂ ಹಿಂದೂ ಒತ್ತಡ ಸರಿಸುಮಾರು ಒಂದೇ. ಪೊರೆ ಅಲುಗುವುದು ಕಡಿಮೆ. ಈ ಕೊರತೆ ತುಂಬಲೆಂದೇ ಮೈಕು ಮಾಡುವವರು ದಪ್ಪ ನಾದವನ್ನು ಎತ್ತಿಕೊಡುವಂತೆ ಅದನ್ನು ಹೊಂದಿಸಿರುತ್ತಾರೆ. ಆದರೆ ಬಾಯಿ ಮೈಕಿಗೆ ಅಂಟಿದಾಗ ಲೆಕ್ಕವೇ ಬೇರೆ. ಮುಂಬಾಗಿಲಿಗೆ ತುಟಿ ಒಂದು ಅಂಗುಲ, ಹಿಂಬಾಗಿಲಿಗೆ ಎರಡು ಅಂಗುಲ ಎಂದು ಹಿಡಿಯಿರಿ. ಮುಂದೆ ಬೀಳುವ ಒತ್ತಡ ಹಿಂದಿನದಕ್ಕೆ ದುಪ್ಪಟ್ಟು. ಈಗ ದಪ್ಪ ನಾದಕ್ಕೂ ಪೂರ್ಣ ಅಂತರ ದೊರೆಯಿತು, ಮೇಲೆ ಕಾರಖಾನೆಯವರು ಎತ್ತಿಕೊಟ್ಟದ್ದೂ ಸೇರಿತು. ಆ ಮೇಲೆ ನಾವು ತಿರುಗಿಸಿದ ತಿರುಪು ಮೂರನೆಯದು. ಬಡ್ಡಿಗೆ ಬಡ್ಡಿ ಏರಿದಂತೆ.

ಇದನ್ನು ತಿಳಿದ ಮೇಲೆ ಮೈಕನ್ನು ಬಾಯಿಂದ ಒಂದು ಗೇಣು ದೂರ ಇಟ್ಟು, ಮಿಕ್ಸರಿನ ತಿರುಪುಗಳನ್ನೆಲ್ಲ ನಡುವಿಗೆ ತಂದು, ಅಕ್ಕನಿಂದ ಎರಡು ಸಾಲು ಹೇಳಿಸಿದೆವು. ಗುಂಯ್‌ಗುಡುವಿಕೆ ಅರ್ಧಕ್ಕರ್ಧ ಇಳಿಯಿತು. ಖರ್ಚು ಒಂದು ಪೈಸೆ ಇಲ್ಲ. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಓರೆಯಾಗಿಟ್ಟರೆ ಇನ್ನೊಂದು ಲಾಭ. ಪ, ಬ, ಫ, ಭ ಅಕ್ಷರಗಳನ್ನು ಹೇಳುವಾಗ ಬಾಯಿಂದ ಗಾಳಿ ಚಿಮ್ಮುತ್ತದೆ. ಅದು ಮೈಕಿಗೆ ಬಡಿದರೆ ಡಬ್ ಎಂದು ಗುದ್ದಿದ ಸದ್ದು. ಭಕ್ತಾಮರ ಶುರುವಾಗುವುದೇ ಭಕಾರದಿಂದ. ನಮ್ಮ ಹಳೆಯ ಮುದ್ರಣದಲ್ಲಿ ಸ್ತೋತ್ರ ಆರಂಭವಾಗುವುದು ಯಾರೋ ಬಾಗಿಲು ಗುದ್ದಿದ ಹಾಗೆ. ಇದಕ್ಕೆ ಮೈಕಿನ ಮುಂದೆ ಬಟ್ಟೆಯ ತೆರೆ ಕಟ್ಟುವ ರೂಢಿ ಉಂಟು. ನಾವು ಮೊದಲು ಮನೆಯಲ್ಲಿ ನೀರು ಗಾಳಿಸುವ ಎರಡು ಪದರಿನ ಅರಿವೆಯನ್ನೇ ಕಸೂತಿಯ ಬಳೆಗೆ ಬಿಗಿದೆವು. ಗಾಳಿಯೇನೋ ನಿಂತಿತು, ಸಕಾರ, ಶಕಾರಗಳ ಚುರುಕೂ ಮಂಕಾಯಿತು. ಆಮೇಲೆ ತೆಳುವಾದ ನೈಲಾನ್ ಬಟ್ಟೆ ಒಂದೇ ಪದರು ಬಿಗಿದಾಗ ಸರಿಹೋಯಿತು. ಅರಿವೆ ಆರಿಸುವುದರಲ್ಲಾದರೂ ನಮ್ಮನ್ನು ಯಾರೂ ಮೋಸ ಮಾಡಲಾರರು.

ಗೇಣು ದೂರ ಸರಿದ ಕೂಡಲೇ ಕೋಣೆ ಬಾಯಿ ತೆರೆಯಿತು. ಮೈಕು ಹತ್ತಿರವಿದ್ದಾಗ ಬಾಯಿಯ ದನಿಯೇ ಜೋರು, ಗೋಡೆಯಿಂದ ತಿರುಗಿ ಬರುವುದು ಅದರಡಿ ಮುಚ್ಚಿಹೋಗುತ್ತದೆ. ದೂರವಾದಷ್ಟೂ ಬಾಯಿಯ ದನಿ ಇಳಿದು ಗೋಡೆಯ ಪಾಲು ಹೆಚ್ಚುತ್ತದೆ. ಅಕ್ಕ ಕೆಳಗಿನ ಸ್ವರಕ್ಕೆ ಬಂದಾಗಲೆಲ್ಲ ಕೋಣೆ ತಾನೂ ಹಾಡುತ್ತಿತ್ತು. ಬಚ್ಚಲಮನೆಯಲ್ಲಿ ಗುನುಗುವವರಿಗೆಲ್ಲ ಇದರ ಅನುಭವ ಇದ್ದೇ ಇರುತ್ತದೆ. ಯಾವುದೋ ಒಂದು ಸ್ವರಕ್ಕೆ ಮಾತ್ರ ಗೋಡೆ ಓಗೊಡುತ್ತದೆ.

ಅರಿವೆ ವ್ಯಾಪಾರಿಗೆ ಇದಕ್ಕೆ ಔಷಧ ತಿಳಿಯದೇ? ಅಂಗಡಿಯಿಂದ ಹನ್ನೆರಡು ಸೊಲ್ಲಾಪುರ ಚಾದರು ತರಿಸಿ ನಾಲ್ಕೂ ಗೋಡೆಗೆ ಇಳಿಬಿಟ್ಟೆವು. ಕೋಣೆ ಮದುವೆಯ ಹಂದರದಂತೆ ಕಂಡಿತು. ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿಯೇ ಇಲ್ಲ. ಹಿಗ್ಗಿ ಹಾಡಿಸಿದರೆ, ಮೊದಲಿಗಿಂತ ಕೆಟ್ಟದಾಗಿ ಬಂತು! ಅಕ್ಕನ ದನಿ ಕಂಬಳಿ ಹೊದ್ದುಕೊಂಡು ಮಾತಾಡಿದಂತೆ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ತೆಳುವಾದ ಬಟ್ಟೆ ಹೀರುವುದು ಸಣ್ಣ ಅಲೆಗಳನ್ನು, ಅಂದರೆ ಮಾತಿನ ಅಂಚು ಮೂಡಿಸುವ ಎತ್ತರದ ನಾದಗಳನ್ನು. ಹತ್ತು ಫೂಟಿನ ಅಲೆಗೆ ಅರ್ಧ ಅಂಗುಲದ ಚಾದರು ಲೆಕ್ಕಕ್ಕೇ ಇಲ್ಲ. ಅದು ಇದರ ಮೂಲಕ ಹಾಯ್ದು ಗೋಡೆಗೆ ಬಡಿದು ತಿರುಗಿ ಬರುತ್ತದೆ. ನಾವು ಬೇಕಾದದ್ದನ್ನು ಹೀರಿಸಿ ಬೇಡದ್ದನ್ನು ಉಳಿಸಿಕೊಂಡಿದ್ದೆವು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸುವ ಪದ್ಧತಿಯೊಂದು ಉಂಟಂತೆ. ನಮ್ಮ ಮನೆಗೆ ಆ ಪ್ರಶ್ನೆಯೇ ಇಲ್ಲ. ಆದರೂ ಹೇಳುತ್ತೇವೆ, ದಪ್ಪ ನಾದಕ್ಕೆ ಅದರಿಂದಲೂ ಪ್ರಯೋಜನವಿಲ್ಲ.

ಈ ನಡುವೆ ಅಕ್ಕನ ಎದೆ ತೋರಿಸಲು ಮಿರಜಕ್ಕೆ ಹೋಗಬೇಕಾಯಿತು. ಮಿರಜದಲ್ಲಿ ಸಿತಾರ, ತಂಬೂರಿ ಮಾಡುವವರ ಓಣಿ ಇದೆ. ಅವರ ಕೈಕೆಲಸಕ್ಕೆ 2024ರಲ್ಲಿ ಸರಕಾರದ ಭೌಗೋಲಿಕ ಗುರುತೂ ದೊರೆತಿದೆ. ಪಾಳಿ ಬರಲು ಹೊತ್ತಿತ್ತು, ನಾವು ಆ ಓಣಿಯಲ್ಲಿ ಅಡ್ಡಾಡುತ್ತಿದ್ದೆವು. ಒಬ್ಬ ವೃದ್ಧ ಕುಶಲಕರ್ಮಿ ಒಣಗಿದ ಕುಂಬಳದ ಬುರುಡೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದರು. ನಮ್ಮ ಕೋಣೆಯ ಕಥೆ ಹೇಳಿದೆವು. ಅವರು ನಕ್ಕು, ಬುರುಡೆ ಎಷ್ಟು ದೊಡ್ಡದೋ ಅಷ್ಟು ಕೆಳಗಿನ ಸ್ವರಕ್ಕೆ ಅದು ಓಗೊಡುತ್ತದೆ, ನೀವು ನಿಮ್ಮ ಅಕ್ಕನನ್ನು ಬುರುಡೆಯೊಳಗೆ ಕೂಡ್ರಿಸಿದ್ದೀರಿ ಎಂದರು, ಮರಾಠಿಯಲ್ಲಿ. ಅಕ್ಕ ಹಗೇವು ಎಂದದ್ದೂ ಇವರು ಬುರುಡೆ ಎಂದದ್ದೂ ಒಂದೇ ಮಾತು.

ಮನೆಗೆ ಬಂದು ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ದನಿ ಸೆಕೆಂಡಿಗೆ ಸುಮಾರು 1130 ಫೂಟು ಹೋಗುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಂತರದ ದುಪ್ಪಟ್ಟಿನಿಂದ ಇದನ್ನು ಭಾಗಿಸಿದರೆ ಆ ಕೋಣೆ ಓಗೊಡುವ ಮೊದಲನೆಯ ನಾದ ಸಿಗುತ್ತದೆ. ಹತ್ತು ಫೂಟಿಗೆ 1130 ಭಾಗಿಸು 20, ಸುಮಾರು 56 ಹರ್ಟ್ಸ್. ಅದರ ದುಪ್ಪಟ್ಟು 113, ಮೂರು ಪಟ್ಟು 170. ಹೆಂಗಸರ ಮಾತಿನ ದನಿಯ ತಳ ಸಾಮಾನ್ಯವಾಗಿ 165ರಿಂದ 255ರ ಒಳಗೆ ಇರುತ್ತದೆ, ಗಂಡಸರದು 85ರಿಂದ 155ರ ಸುಮಾರು. ವಯಸ್ಸಾದ ಹೆಂಗಸರ ದನಿ ಇಳಿಯುತ್ತದೆ. ಅಕ್ಕ ಕೆಳಗೆ ಬಂದು ನಿಲ್ಲುವ ಸ್ವರ ಸರಿಯಾಗಿ ಆ 170ರ ಹತ್ತಿರವೇ! ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದಿದ್ದರೆ ಓಗೊಡುವ ಸ್ವರಗಳು ಹಂಚಿಹೋಗುತ್ತಿದ್ದವು. ನಮ್ಮದು ಪಗಡೆಯ ದಾಳದಂತೆ ಮೂರೂ ಕಡೆ ಒಂದೇ ಅಳತೆ; ಮೂರೂ ಜೋಡಿ ಗೋಡೆಗಳು ಒಂದೇ ಸ್ವರಕ್ಕೆ ಕೂಗಿಕೊಂಡವು. ವಾಸ್ತು ಕೇಳಿ, ಅಳತೆ ನೋಡಿ, ಹಟ ಹಿಡಿದು ಕಟ್ಟಿಸಿದ ಕೋಣೆ ಅದು. ಮೇಲೆ ನಾವು ಅಕ್ಕನನ್ನು ಕೂಡ್ರಿಸಿದ್ದು ಮೂಲೆಯಲ್ಲಿ. ದಪ್ಪ ನಾದ ಎಲ್ಲಕ್ಕಿಂತ ಹೆಚ್ಚು ಒಟ್ಟುಗೂಡುವ ಜಾಗವೇ ಮೂಲೆ.

ಮೂಲೆಯಿಂದ ಹೊರಗೆ ತಂದೆವು. ಮಂಚದ ಮೇಲಿನ ಅರಳೆ ಗಾದಿಗಳನ್ನು ಸುರುಳಿ ಸುತ್ತಿ ನಾಲ್ಕೂ ಮೂಲೆಗೆ ನಿಲ್ಲಿಸಿ, ಮೇಲೆ ಹಳೆಯ ಕೌದಿಗಳನ್ನು ಒಟ್ಟಿದೆವು. ದಪ್ಪ ನಾದಕ್ಕೆ ದಪ್ಪ ಮಾಲೇ ಬೇಕು. ಪಂಖ, ಇನ್ವರ್ಟರು ಬಂದ್ ಮಾಡಿದೆವು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅದರ ಗುಂಯ್ ಸದ್ದೂ ಇದೇ ತಳಕ್ಕೆ ಬಂದು ಸೇರುತ್ತದೆ. ಮೈಕಿನ ಕಾಲ ಕೆಳಗೆ ಮಡಿಸಿದ ಕೌದಿ ಹಾಕಿದೆವು, ನೆಲದ ಮೇಲೆ ಯಾರಾದರೂ ನಡೆದರೆ ಗುದ್ದು ಏರಬಾರದೆಂದು. ಈಗ ಮಾತು ಬಿಡಿ ಬಿಡಿಯಾಗಿ ಕೇಳಹತ್ತಿತು.

ಆದರೆ ಕೇಳಹತ್ತಿದ್ದು ಸೋತ ದನಿ. ಗಟ್ಟಿ ದನಿ ಇದ್ದದ್ದು ಆ ಹಳೆಯ 23 ಹಾಡುಗಳಲ್ಲಿ, ಹಗೇವಿನ ಒಳಗೆ.

ಅದನ್ನು ಮೇಲೆ ತೆಗೆಯುವ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹತ್ತನೆಯ ಇಯತ್ತೆಯ ಮೊಮ್ಮಗ ಹಾಕಿಕೊಟ್ಟು ಕಲಿಸಿದ. ನಾವು ಅವನಿಗೆ ಮೊದಲು ಹಾಕಿದ ಕರಾರು ಒಂದೇ: ಮೂಲ ಪ್ರತಿಗೆ ಕೈ ಹಚ್ಚಬಾರದು, ನಕಲು ಮಾಡಿಕೊಂಡು ಅದರ ಮೇಲೆ ಏನಾದರೂ ಮಾಡು. ಕೀರ್ದಿಯಲ್ಲಿ ಬರೆದದ್ದನ್ನು ಅಳಿಸುವ ರೂಢಿ ನಮ್ಮಲ್ಲಿಲ್ಲ. ಈ ಕರಾರು ಆಮೇಲೆ ನಮ್ಮನ್ನೇ ಉಳಿಸಿತು. ಏಕೆಂದರೆ ಮೊದಲ ಸಲ ನಾವು ಉತ್ಸಾಹದಿಂದ 300 ಹರ್ಟ್ಸಿನ ಕೆಳಗಿನದೆಲ್ಲವನ್ನೂ ಕತ್ತರಿಸಿ ಹಾಕಿದೆವು. ಮಾತೇನೋ ಸ್ಪಷ್ಟವಾಯಿತು, ಹಳೆಯ ಟೆಲಿಫೋನು ಸಾಗಿಸುತ್ತಿದ್ದದ್ದೇ 300ರಿಂದ 3400 ಹರ್ಟ್ಸ್ ಮಾತ್ರ, ಆದರೂ ಮಾತು ತಿಳಿಯುತ್ತಿತ್ತಲ್ಲ. ಅಕ್ಕನಿಗೆ ಕೇಳಿಸಿದೆವು.

“ಮೊದಲ ಹಗೇವಿನ್ಯಾಗ ಕುಂಡ್ರಿಸಿದ್ದಿ, ಈಗ ಎಣ್ಣಿ ಡಬ್ಬಿಯೊಳಗ ಕುಂಡ್ರಿಸೀದಿ” ಎಂದಳು. “ಮನಿಯಾಗ ಕುಂಡ್ರಿಸೋದು ಯಾವಾಗೋ?”

ಆಗ ನಮಗೆ ಹೊಳೆದದ್ದು, ಅಳತೆಗೋಲು ಮಗ್ಗುಲಲ್ಲಿಯೇ ಕೂತಿದೆ ಎಂದು. ದನಿ ಸೋತಿರಬಹುದು, ಅದರ ಬಣ್ಣ ಬದಲಾಗಿಲ್ಲ. ದಿನಾ ಸಂಜೆ ಊಟವಾದ ಮೇಲೆ (ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಸಂಜೆ ದೊಡ್ಡದು) ಅಕ್ಕನನ್ನು ಹತ್ತಿರ ಕೂಡ್ರಿಸಿಕೊಂಡು, ಹಾಡಿನ ಒಂದು ಸಾಲು ಕೇಳುವುದು, ಅದೇ ಸಾಲನ್ನು ಆಕೆಯ ಬಾಯಿಂದ ಮೆಲ್ಲಗೆ ಹೇಳಿಸುವುದು, ಎರಡಕ್ಕೂ ಏನು ಅಂತರ ನೋಡುವುದು. ಸದ್ದನ್ನು ಆಕೆ ಎದುರಿಗೆ ಕೂತು ಹಾಡಿದಷ್ಟೇ ಇಟ್ಟುಕೊಂಡೆವು. ಇದರಲ್ಲೂ ಒಂದು ಮರ್ಮ ಇದೆ. ಸದ್ದು ಸಣ್ಣದಾದಾಗ ಮನುಷ್ಯನ ಕಿವಿಗೆ ದಪ್ಪ ನಾದ ಉಳಿದವಕ್ಕಿಂತ ಹೆಚ್ಚು ಇಳಿದುಹೋದಂತೆ ಕೇಳುತ್ತದೆ. ಫ್ಲೆಚರ್, ಮನ್ಸನ್ ಎಂಬಿಬ್ಬರು ಅಮೆರಿಕದಲ್ಲಿ 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಬಹಳ ಸಣ್ಣಗೆ ಇಟ್ಟು ತಿದ್ದಿದರೆ ಬೇಸ್ ಹೆಚ್ಚಾಗಿ ಉಳಿಯುತ್ತದೆ, ಬಹಳ ದೊಡ್ಡದಿಟ್ಟು ತಿದ್ದಿದರೆ ಹೆಚ್ಚಾಗಿ ಕತ್ತರಿಸಿಹೋಗುತ್ತದೆ. ನಮ್ಮ ಹರೆಯದ ಬೇಸ್ ಮೋಹಕ್ಕೂ ಇದೇ ಕಾರಣವಿರಬೇಕು. ಅಪ್ಪನಿಗೆ ಹೆದರಿ ಟೇಪು ಯಾವಾಗಲೂ ಸಣ್ಣಗೆ ಹಚ್ಚುತ್ತಿದ್ದೆವು.

ಕೊನೆಗೆ ನಿಂತ ಲೆಕ್ಕ ಹೀಗಿದೆ. 100 ಹರ್ಟ್ಸಿನ ಕೆಳಗಿನದನ್ನು ಒಮ್ಮೆಲೇ ಕಡಿಯದೆ ಇಳಿಜಾರಾಗಿ ಇಳಿಸಿದೆವು. ಅಲ್ಲಿ ಅಕ್ಕನ ದನಿಯೇ ಇಲ್ಲ, ಇರುವುದೆಲ್ಲ ಗುದ್ದು, ಗುಂಯ್ ಅಷ್ಟೇ. ಗಂಡಸರ ದನಿಯಾದರೆ 80ರಲ್ಲಿ ನಿಲ್ಲಬೇಕು. ಆಮೇಲೆ ಒಂದು ಕಿರಿದಾದ ಪಟ್ಟಿಯಷ್ಟನ್ನೇ ಬೇಕೆಂದೇ ಎತ್ತಿ, ಅದನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋದೆವು. ಎಲ್ಲಿ ದನಿ ತೀರ ಅಸಹ್ಯವಾಗಿ ಗುಂಯ್‌ಗುಡುತ್ತದೋ ಅಲ್ಲಿ ಕೋಣೆಯ ಕಳ್ಳತನ ಸಿಕ್ಕಿತು ಎಂದು ಅರ್ಥ. ಪೆನ್ಸಿಲಿನ ಲೆಕ್ಕ ಹೇಳಿದ 170ರ ಹತ್ತಿರವೇ ಸಿಕ್ಕಿತು. ಅಲ್ಲಿ 6 ಡೆಸಿಬೆಲ್ ತಗ್ಗಿಸಿದೆವು. 250ರ ಸುಮಾರಿಗೆ ಅಗಲವಾಗಿ 3 ಡೆಸಿಬೆಲ್. ಇನ್ನೂ ಮುಂದೆ ಹೋದಾಗಲೆಲ್ಲ ಅಕ್ಕ, “ಡಬ್ಬಿ ಬಂತು” ಎನ್ನುತ್ತಿದ್ದಳು, ನಾವು ಹಿಂದೆ ಸರಿಯುತ್ತಿದ್ದೆವು. ಎತ್ತರದ ನಾದವನ್ನು ಎತ್ತಲು ಹೋಗಲಿಲ್ಲ. ಕೆಳಗಿನ ಕೆಸರು ತೆಗೆದರೆ ಮೇಲಿನದು ತಾನೇ ಕಾಣಿಸುತ್ತದೆ.

23ರಲ್ಲಿ 20 ಹಾಡು ಹೀಗೆ ಉಳಿದವು. ಕೋಣೆಯ ಗುಂಗು ಪೂರ್ಣ ಹೋಗಿಲ್ಲ, ಅದು ದನಿಯ ಜೊತೆಗೇ ನೇಯ್ದುಹೋಗಿದೆ. ಆದರೆ ಮಾತು ತಿಳಿಯುತ್ತದೆ. ಮೂರು ಹಾಡು ಹೋದವು. ದಪ್ಪ ನಾದದ ಭಾರಕ್ಕೆ ಮುದ್ರಣದ ಮಟ್ಟ ಮಿತಿ ಮೀರಿ, ಅಲೆಗಳ ತಲೆಗಳೇ ಕತ್ತರಿಸಿಹೋಗಿದ್ದವು. ಅಂಥದಕ್ಕೆ ಎಷ್ಟು ಬೇಸ್ ಇಳಿಸಿದರೂ ಕರಕರ ಒಡಕು ಉಳಿಯುತ್ತದೆ. ಆ ಮೂರರಲ್ಲಿ ಒಂದು ತೊಟ್ಟಿಲ ಹಾಡು. ಅಕ್ಕ ಅದನ್ನು ಎಲ್ಲಕ್ಕಿಂತ ಮನಸ್ಸು ಕೊಟ್ಟು, ಮೈಕಿಗೆ ಎಲ್ಲಕ್ಕಿಂತ ಹತ್ತಿರ ಬಾಗಿ ಹಾಡಿದ್ದಳು.

ಮೂರು ದಿನ ನಾವು ಆಕೆಗೆ ಹೇಳಲಿಲ್ಲ. ಹೇಳಿದಾಗ ಆಕೆ ಬೈಯಲಿಲ್ಲ. ಅದೇ ಹೆಚ್ಚಾಯಿತು.

ಅದಾದ ಒಂದು ವಾರಕ್ಕೆ ಮೊಮ್ಮಗಳ ಫೋನು ಅಂಗಡಿಗೆ ಬಂತು. ಮಾತಾಡುತ್ತಿರುವಾಗ, “ಮುತ್ಯಾ, ಈಗ ನೀವು ಎಲ್ಲಿ ಅದೀರಿ? ನಿಮ್ಮ ದನಿ ಭಾಳ ಸ್ವಚ್ಛ ಕೇಳಾಕತ್ತೈತಿ” ಎಂದಳು. ನಾವು ಸುತ್ತಲೂ ನೋಡಿದೆವು. ಮೂರು ಗೋಡೆಗೂ ನೆಲದಿಂದ ಅಟ್ಟದವರೆಗೆ ಎರಡೂವರೆ ಫೂಟು ಆಳದ ಕಪಾಟು, ಅದರ ತುಂಬ ಅರಿವೆಯ ಥಾನುಗಳು. ಕೂಡ್ರುವಲ್ಲಿ ದಪ್ಪ ಗಾದಿ. ಚಾದರು ಮಾಡಲಾರದ್ದನ್ನು ಮಾಡುವ ಮಾಲು ಎರಡು ತಲೆಮಾರಿನಿಂದ ನಮ್ಮ ಬೆನ್ನ ಹಿಂದೆಯೇ ಇತ್ತು. ಅಂಗಡಿಯ ಉದ್ದ, ಅಗಲ, ಎತ್ತರವೂ ಬೇರೆ ಬೇರೆ. ಆಕೆ ಇನ್ನೊಂದು ಮಾತು ಹೇಳಿದಳು. ಮೋಬೈಲಿನ ಒಳಗಿನ ಮೈಕು ಬಹುಮಟ್ಟಿಗೆ ಹಿಂಬಾಗಿಲು ಇಲ್ಲದ ಜಾತಿಯದು, ಎಲ್ಲ ಕಡೆಯ ದನಿಯನ್ನೂ ಸಮವಾಗಿ ಹಿಡಿಯುವಂಥದು. ಹತ್ತಿರ ಬಂದರೂ ಬೇಸ್ ಉಬ್ಬುವ ದೋಷ ಅದಕ್ಕಿಲ್ಲ. ಕೊಂಡ ಮೈಕು, ಮಿಕ್ಸರು ಎರಡನ್ನೂ ಕಪಾಟಿಗೆ ಸೇರಿಸಿದೆವು.

ನಮ್ಮ ಮನೆಯ ಹೆಂಗಸರು ಅಂಗಡಿಗೆ ಬರುವ ರೂಢಿ ಹಿಂದೆ ಇರಲಿಲ್ಲ. ಅಕ್ಕ ಆ ಮೆಟ್ಟಿಲು ಹತ್ತಿದ್ದು ಅಪ್ಪ ತೀರಿದ ವರ್ಷ ಒಮ್ಮೆ ಮಾತ್ರ. ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಗ ಆಕೆಯನ್ನು ಕೈ ಹಿಡಿದು ಕರೆತಂದ. ಅಪ್ಪ ಕೂಡುತ್ತಿದ್ದ ಗಲ್ಲೆಯ ಗಾದಿಯ ಮೇಲೆ ಕೂಡ್ರಿಸಿದೆವು. ಮೊದಲು ಬೇಡವೆಂದಳು, ಆಮೇಲೆ ಕೂತಳು. ಮೋಬೈಲನ್ನು ಮಡಿಸಿದ ಕೌದಿಯ ಮೇಲೆ ಒಂದು ಗೇಣು ದೂರ ಇಟ್ಟೆವು. ತೊಟ್ಟಿಲ ಹಾಡನ್ನು ಒಂದೊಂದೇ ನುಡಿ ಹೇಳಿಸಿ, ನಡುವೆ ಬಿಸಿನೀರು ಕೊಡದೆ (ಹೊತ್ತು ಮುಳುಗಿತ್ತು) ವಿಶ್ರಾಂತಿ ಮಾತ್ರ ಕೊಟ್ಟು, ಐದು ರಾತ್ರಿ ತುಂಬಿದೆವು. ಮರೆತ ನುಡಿಗಳಿಗೆ ಆ ಒಡಕು ಮುದ್ರಣವನ್ನೇ ಮತ್ತೆ ಮತ್ತೆ ಕೇಳಿ, ಕರಕರದ ನಡುವೆ ತಡಕಾಡಿ ಬರೆದುಕೊಂಡೆವು. ದನಿ ಸಣ್ಣದು, ಉಸಿರು ಅಲ್ಲಲ್ಲಿ ಕಡಿಯುತ್ತದೆ, ಆದರೆ ಒಂದೊಂದು ಅಕ್ಷರವೂ ಎಣಿಸಿಕೊಳ್ಳುವ ಹಾಗಿದೆ.

ನಿನ್ನೆ ರಾತ್ರಿ ಪೂರ್ಣ ಹಾಡನ್ನು ಜೋಡಿಸಿ, ಅಕ್ಕನ ಕಿವಿಗೆ ಹೆಡ್‌ಫೋನು ಹಾಕಿ ಕೇಳಿಸಿದೆವು. ಕಣ್ಣು ಮುಚ್ಚಿ ಕೇಳುತ್ತಿದ್ದವಳು ನಡುವೆ ಒಮ್ಮೆಲೇ ಕೈ ಎತ್ತಿದಳು.

“ನಿಲ್ಸೋ ತಮ್ಮಾ. ನಾಲ್ಕನೇ ನುಡಿಯೊಳಗ ಆ ಮಾತು ಹಂಗಲ್ಲ. ನಾ ತಪ್ಪ ಹೇಳೇನಿ. ಅವ್ವ ಬ್ಯಾರೆ ಹೇಳತಿದ್ಲು.”

“ಇಷ್ಟ ವರ್ಷ ಹಂಗೇ ಹೇಳ್ಕೋತ ಬಂದೀಯಲ್ಲ ಅಕ್ಕಾ?”

“ಬಂದೇನಿ. ಈಗ ಕೇಳಸ್ತು.”

ಇಂದು ಸಂತೆ, ಅಂಗಡಿ ಮುಚ್ಚುವುದು ತಡವಾಗುತ್ತದೆ. ನಾಳೆ ರಾತ್ರಿ ಮತ್ತೆ ಬರುತ್ತೇನೆ ಎಂದಿದ್ದಾಳೆ.